ಆಕ್ಸಿಲರೇಟರ್ ತುಳಿದರೂ ಮುಗ್ಗರಿಸುವ ಹಳೆಯ ಕಾರು: ದೋಷ ಇರುವುದೆಲ್ಲಿ?

* ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆ ನಡೆಯಲಿ * ಗಾಳಿ, ಪೆಟ್ರೋಲ್, ಕಿಡಿ. ಈ ಮೂರರಲ್ಲೇ ಉತ್ತರ

ಬೆಂಗಳೂರು: ಶಿರಾಡಿ ಘಾಟಿಯ ಏರುರಸ್ತೆ. ಮುಂದೆ ತೆವಳುತ್ತಿರುವ ಟ್ಯಾಂಕರ್. ಎದುರಿನಿಂದ ವಾಹನ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಚಾಲಕ ಆಕ್ಸಿಲರೇಟರ್ ತುಳಿಯುತ್ತಾನೆ. ಮುನ್ನುಗ್ಗಬೇಕಿದ್ದ ಕಾರು ಉಸಿರು ಕಟ್ಟಿದಂತೆ ಒಂದು ಕ್ಷಣ ಸ್ತಬ್ಧವಾಗಿ, ಬಳಿಕ ಜರ್ಕ್ ಹೊಡೆದು ಮುಂದಕ್ಕೆ ಜಿಗಿಯುತ್ತದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸೊಂದು ಕಾಣಿಸಿಕೊಂಡರೆ? ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ವಾಹನ ಎರಡು ಸೆಕೆಂಡುಗಳಲ್ಲಿ 33 ಮೀಟರ್ ಹತ್ತಿರ ಬಂದಿರುತ್ತದೆ.

ಹತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮಾಲೀಕರಲ್ಲಿ ಅನೇಕರಿಗೆ ಈ ತೊಂದರೆ ಪರಿಚಿತ. ಅಪಾಯ ಒಂದೆಡೆಯಾದರೆ, ಖರ್ಚಿನ ಬಾಬತ್ತು ಇನ್ನೊಂದೆಡೆ. ಮೊದಲು ಸ್ಪಾರ್ಕ್ ಪ್ಲಗ್, ನಂತರ ಫ್ಯೂಯಲ್ ಪಂಪ್, ಅದೂ ಫಲ ನೀಡದಿದ್ದಾಗ ಒಂದೆರಡು ಸೆನ್ಸರ್. ಹೀಗೆ ಒಂದೊಂದಾಗಿ ಬಿಡಿಭಾಗ ಬದಲಿಸುತ್ತ ಹೋಗಿ, ಕೊನೆಗೆ 'ಈ ಕಾರು ಇನ್ನು ಸಾಕು' ಎಂದು ಸಿಕ್ಕ ಬೆಲೆಗೆ ಮಾರುವವರೂ ಇದ್ದಾರೆ. ಆದರೆ ಎಂಜಿನ್ ತಡವರಿಸುವುದು ಕಾಯಿಲೆಯಲ್ಲ, ಕಾಯಿಲೆಯ ಲಕ್ಷಣ. ಜ್ವರಕ್ಕೆ ಹತ್ತಾರು ಕಾರಣಗಳಿರುವಂತೆ ಇದಕ್ಕೂ ಹತ್ತಾರು ಕಾರಣಗಳಿವೆ. ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದರೆ ದೋಷ ಹಲವು ಬಾರಿ ಒಂದು ಬಿರುಕು ಬಿಟ್ಟ ರಬ್ಬರ್ ಪೈಪ್ ಅಥವಾ ತುಕ್ಕು ಹಿಡಿದ ಅರ್ಥ್ ವೈರ್‌ನಷ್ಟು ಸಣ್ಣದಾಗಿರುತ್ತದೆ.

ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು

2000ದ ಏಪ್ರಿಲ್‌ನಲ್ಲಿ ಯೂರೋ-1ಕ್ಕೆ ಸಮಾನವಾದ ಹೊಗೆ ನಿಯಂತ್ರಣ ಮಾನದಂಡ ದೇಶಾದ್ಯಂತ ಜಾರಿಗೆ ಬಂದಿತು. ಆ ಅವಧಿಯಲ್ಲೇ ಕಾರ್ಬ್ಯುರೇಟರ್‌ಗಳು ಹಿಂದೆ ಸರಿದು, ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಇಂಜೆಕ್ಟರ್ ಇರುವ ಎಂಪಿಎಫ್‌ಐ ತಂತ್ರಜ್ಞಾನ ಮನೆಮಾತಾಯಿತು. 1998ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಂಟ್ರೊ, ನಂತರದ ಮಾರುತಿ 800, ಝೆನ್, ಆಲ್ಟೊಗಳ ಹಿಂಭಾಗದಲ್ಲಿ ಈ ನಾಲ್ಕಕ್ಷರದ ಲಾಂಛನ ಹೆಮ್ಮೆಯ ಸಂಗತಿಯಾಗಿತ್ತು. ಆ ಪೀಳಿಗೆಯ ಕಾರುಗಳಲ್ಲಿ ಹಲವು ಇಂದಿಗೂ ರಸ್ತೆಯಲ್ಲಿವೆ.

ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ 14.7ರಷ್ಟು ಪಟ್ಟು ಗಾಳಿ ಬೇಕು. ಚಾಲಕ ಪೆಡಲ್ ಒತ್ತಿದಾಗ ಥ್ರಾಟಲ್ ಬಾಗಿಲು ತೆರೆದು ಗಾಳಿ ತಕ್ಷಣವೇ ಒಳನುಗ್ಗುತ್ತದೆ. ಪೆಟ್ರೋಲ್ ಅಷ್ಟು ಚುರುಕಲ್ಲ. ಸಿಂಪಡಿಸಿದ ಹನಿಗಳಲ್ಲಿ ಒಂದು ಭಾಗ ಇನ್‌ಟೇಕ್ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಕೊರತೆ ತುಂಬಲು ಕಾರ್ಬ್ಯುರೇಟರ್‌ನಲ್ಲಿ ಪುಟ್ಟ ಆಕ್ಸಿಲರೇಟರ್ ಪಂಪ್ ಒಂದಿತ್ತು. ಎಂಪಿಎಫ್‌ಐ ಕಾರಿನಲ್ಲಿ ಆ ಕೆಲಸ ಇಸಿಯು ಎಂಬ ಗಣಕದ್ದು. ಥ್ರಾಟಲ್ ಎಷ್ಟು ತೆರೆಯಿತು, ಮ್ಯಾನಿಫೋಲ್ಡ್ ಒತ್ತಡ ಎಷ್ಟಾಯಿತು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಸೆನ್ಸರ್‌ಗಳಿಂದ ತಿಳಿದು ಅದು ಇಂಜೆಕ್ಟರ್‌ಗಳನ್ನು ಕೆಲವು ಮಿಲಿಸೆಕೆಂಡ್ ಹೆಚ್ಚು ಹೊತ್ತು ತೆರೆದಿಡುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಆ ಕ್ಷಣಕ್ಕೆ ಪೆಟ್ರೋಲ್ ಸಾಲದಾಗುತ್ತದೆ, ಇಲ್ಲವೇ ಇದ್ದ ಪೆಟ್ರೋಲ್ ಹೊತ್ತಿಕೊಳ್ಳುವುದಿಲ್ಲ. ತಡವರಿಕೆಯ ಮೂಲ ಇಷ್ಟೇ.

ಮೊದಲ ಪ್ರಶ್ನೆ: ಯಾವಾಗ?

ಗ್ಯಾರೇಜಿನಲ್ಲಿ 'ಪಿಕಪ್ ಇಲ್ಲ' ಎಂಬ ಒಂದೇ ಮಾತು ಹಲವು ದೋಷಗಳಿಗೆ ಬಳಕೆಯಾಗುತ್ತದೆ. ಪೆಡಲ್ ತುಳಿದ ಮೇಲೆ ಒಂದು ಕ್ಷಣ ತಡೆದು ಬಳಿಕ ಸರಿಹೋಗುವುದು ತಡವರಿಕೆ. ಎಂಜಿನ್ ಲಯ ತಪ್ಪಿ ನಡುಗುವುದು ಮಿಸ್ಸಿಂಗ್. ಅಂದರೆ ಯಾವುದೋ ಸಿಲಿಂಡರ್ ಆಗಾಗ ಉರಿಯುತ್ತಿಲ್ಲ. ಆರಂಭದಿಂದ ಕೊನೆಯವರೆಗೂ ಬಲವೇ ಇಲ್ಲದಿರುವುದು ಮೂರನೆಯದು. ಎಂಜಿನ್ ಸದ್ದು ಏರುತ್ತಿದ್ದರೂ ಕಾರಿನ ವೇಗ ಏರದಿದ್ದರೆ ದೋಷ ಎಂಜಿನ್‌ನದಲ್ಲ, ಜಾರುತ್ತಿರುವ ಕ್ಲಚ್‌ನದು. ಅದನ್ನು ತಿಳಿಯದೆ ಇಂಜೆಕ್ಟರ್ ಸ್ವಚ್ಛಗೊಳಿಸಿದರೆ ಹಣ ವ್ಯರ್ಥ.

ಮುಂದಿನದು ಸಂದರ್ಭದ ವಿಚಾರ. ಬೆಳಿಗ್ಗೆ ತಣ್ಣಗಿದ್ದಾಗ ಮುಗ್ಗರಿಸಿ, ಬಿಸಿಯಾದ ಮೇಲೆ ಸರಿಹೋಗುವ ಕಾರಿನಲ್ಲಿ ಕೂಲೆಂಟ್ ತಾಪಮಾನದ ಸೆನ್ಸರ್ ಅಥವಾ ಗಾಳಿ ಸೋರಿಕೆಯ ಮೇಲೆ ಅನುಮಾನ ಬರಬೇಕು. ಸಿಗ್ನಲ್‌ನಿಂದ ಹೊರಡುವಾಗ, ಪೆಡಲ್ ಅಲ್ಪವೇ ಒತ್ತಿದಾಗ ಮಾತ್ರ ತೊಂದರೆಯಿದ್ದರೆ ಥ್ರಾಟಲ್ ಬಾಡಿಯ ಮಸಿ, ಥ್ರಾಟಲ್ ಸೆನ್ಸರ್, ವ್ಯಾಕ್ಯೂಮ್ ಪೈಪ್‌ಗಳನ್ನು ನೋಡಬೇಕು. ನಗರದಲ್ಲಿ ಸರಿಯಿದ್ದು, ಹೆದ್ದಾರಿಯಲ್ಲಿ ಅಥವಾ ಏರಿನಲ್ಲಿ ನಾಲ್ಕು ಜನರನ್ನು ಹೊತ್ತಾಗ ಕೈಕೊಟ್ಟರೆ ಪೆಟ್ರೋಲ್ ಪೂರೈಕೆ ಸಾಲುತ್ತಿಲ್ಲವೆಂದೋ, ಕಿಡಿ ದುರ್ಬಲವಾಗಿದೆಯೆಂದೋ, ಸೈಲೆನ್ಸರ್ ಕಟ್ಟಿಕೊಂಡಿದೆಯೆಂದೋ ಅರ್ಥ. ಮಳೆಗಾಲದಲ್ಲಿ ಮಾತ್ರ ಕಾಣಿಸಿದರೆ ಪ್ಲಗ್ ವೈರ್ ಅಥವಾ ಇಗ್ನಿಷನ್ ಕಾಯಿಲ್.

ಈ ವಿಂಗಡಣೆಯ ಹಿಂದೆ ಸರಳ ತರ್ಕವಿದೆ. ಸಣ್ಣ ತೂತಿನಿಂದ ನುಸುಳುವ ಗಾಳಿ ಐಡ್ಲಿಂಗ್‌ನಲ್ಲಿ ಎಂಜಿನ್ ಸೇವಿಸುವ ಒಟ್ಟು ಗಾಳಿಯ ದೊಡ್ಡ ಪಾಲು. ಥ್ರಾಟಲ್ ಪೂರ್ಣ ತೆರೆದಾಗ ಅದು ನಗಣ್ಯ. ಪೆಟ್ರೋಲ್ ಪಂಪ್‌ನ ದೌರ್ಬಲ್ಯ ಇದಕ್ಕೆ ತದ್ವಿರುದ್ಧ. ಐಡ್ಲಿಂಗ್‌ಗೆ ಬೇಕಾದಷ್ಟು ಪೆಟ್ರೋಲನ್ನು ಸೋತ ಪಂಪ್ ಕೂಡ ಕೊಡಬಲ್ಲದು. ಹೆದ್ದಾರಿಯಲ್ಲಿ ಅದರ ಬಣ್ಣ ಬಯಲಾಗುತ್ತದೆ. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಒಂದು ವಾರ ತೊಂದರೆ ಕಾಣಿಸಿಕೊಂಡ ಸಮಯ, ಗೇರ್, ವೇಗ ಮತ್ತು ಟ್ಯಾಂಕ್‌ನಲ್ಲಿದ್ದ ಪೆಟ್ರೋಲ್ ಮಟ್ಟವನ್ನು ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಖರ್ಚಿಲ್ಲದ ಪರೀಕ್ಷೆಗಳು

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡುವುದು, ಬ್ಯಾಟರಿ ಟರ್ಮಿನಲ್ ಮತ್ತು ಎಂಜಿನ್ ಅರ್ಥ್ ವೈರ್‌ಗಳನ್ನು ಸ್ವಚ್ಛಗೊಳಿಸಿ ಬಿಗಿ ಮಾಡುವುದು ಮೊದಲ ಹೆಜ್ಜೆ. ಸೆನ್ಸರ್‌ಗಳು ಕೆಲಸ ಮಾಡುವುದು 5 ವೋಲ್ಟ್‌ನೊಳಗಿನ ಸಂಕೇತಗಳಲ್ಲಿ. ಅರ್ಥ್ ಸರಿಯಿಲ್ಲದೆ ಅರ್ಧ ವೋಲ್ಟ್ ಏರುಪೇರಾದರೂ ಇಸಿಯು ದಾರಿ ತಪ್ಪುತ್ತದೆ.

ಎಲ್ಲ ಮಾಲೀಕರ ಬಳಿಯೂ ಇರುವ, ಆದರೆ ಯಾರೂ ಓದದ ದಾಖಲೆಯೊಂದಿದೆ. ಅದು ಎಮಿಷನ್ ಟೆಸ್ಟ್ ಪ್ರಮಾಣಪತ್ರ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಪ್ರಮಾಣ ನಮೂದಾಗಿರುತ್ತದೆ. ಹಿಂದಿನ ಪ್ರಮಾಣಪತ್ರಕ್ಕೆ ಹೋಲಿಸಿದಾಗ ಕಾರ್ಬನ್ ಮೊನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಅತಿಯಾಗುತ್ತಿದೆ. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ. ಕಿಡಿಯ ದೋಷ ಅಥವಾ ಪೆಟ್ರೋಲ್ ಕೊರತೆ ಇದಕ್ಕೆ ಕಾರಣವಿರಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿದ್ದರೆ ಸಣ್ಣ ದೋಷಗಳನ್ನು ಅದು ಮರೆಮಾಚುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಮೂರನೆಯದು ಸ್ಪಾರ್ಕ್ ಪ್ಲಗ್‌ಗಳ ಬಣ್ಣ. ತಿಳಿಗಂದು ಬಣ್ಣ ಆರೋಗ್ಯದ ಗುರುತು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಸೇರುತ್ತಿದೆ. ಎಲ್ಲ ಪ್ಲಗ್‌ಗಳೂ ಒಂದೇ ರೀತಿ ಕೆಟ್ಟಿದ್ದರೆ ಪಂಪ್, ಫಿಲ್ಟರ್, ಸೆನ್ಸರ್‌ಗಳಂತಹ ಎಲ್ಲ ಸಿಲಿಂಡರ್‌ಗಳಿಗೂ ಸಂಬಂಧಿಸಿದ ದೋಷ. ಒಂದು ಮಾತ್ರ ಭಿನ್ನವಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರ್, ಪ್ಲಗ್ ವೈರ್ ಅಥವಾ ವಾಲ್ವ್‌ನ ದೋಷ. ಈ ಒಂದು ಹೋಲಿಕೆಯಿಂದಲೇ ಹುಡುಕಾಟದ ವ್ಯಾಪ್ತಿ ಅರ್ಧಕ್ಕಿಳಿಯುತ್ತದೆ.

ಗಾಳಿ ಎಲ್ಲಿ ಸೋರುತ್ತಿದೆ?

ಎಂಜಿನ್ ಶಾಖಕ್ಕೆ ರಬ್ಬರ್ ಪೈಪ್‌ಗಳು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತವೆ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪ್, ಮ್ಯಾಪ್ ಸೆನ್ಸರ್‌ನ ಸಣ್ಣ ಪೈಪ್, ಇಂಜೆಕ್ಟರ್ ಬುಡದ ರಬ್ಬರ್ ಉಂಗುರ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇವು ಮೊದಲು ನೋಡಬೇಕಾದ ಸ್ಥಳಗಳು. ಐಡ್ಲಿಂಗ್‌ನಲ್ಲಿ ಒಂದೊಂದೇ ಪೈಪನ್ನು ಹಿಸುಕಿ ಹಿಡಿದಾಗ ಎಂಜಿನ್ ಲಯ ಸುಧಾರಿಸಿದರೆ ಸೋರಿಕೆ ಆ ಪೈಪ್‌ನಲ್ಲೋ ಅದರ ಆಚೆ ಬದಿಯಲ್ಲೋ ಇದೆ. ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರನ್ನು ಬಿಸಿ ಎಂಜಿನ್ ಮೇಲೆ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಅಪಾಯಕಾರಿ. ಅನುಮಾನವಿರುವ ಜಾಗಕ್ಕೆ ಸ್ವಲ್ಪ ನೀರು ಸಿಂಪಡಿಸಿದರೂ ಲಯ ಬದಲಾಗಿ ಸೋರಿಕೆ ಪತ್ತೆಯಾಗುತ್ತದೆ. ವೈರ್‌ಗಳಿಗೆ ನೀರು ತಾಗದಂತೆ ಎಚ್ಚರ ವಹಿಸಿದರೆ ಸಾಕು.

ಎಂಜಿನ್‌ಗೆ ಹೋಗುವ ಗಾಳಿಯನ್ನು ಏರ್ ಫ್ಲೋ ಸೆನ್ಸರ್ ಮೂಲಕ ನೇರವಾಗಿ ಅಳೆಯುವ ಕಾರುಗಳಲ್ಲಿ, ಅಳತೆಗೆ ಸಿಗದೆ ನುಸುಳಿದ ಗಾಳಿಯಿಂದ ಪೆಟ್ರೋಲ್ ಕೊರತೆಯಾಗಿ ಎಂಜಿನ್ ಮುಗ್ಗರಿಸುತ್ತದೆ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಅವುಗಳಲ್ಲಿ ಅದೇ ಸೋರಿಕೆ ಐಡ್ಲಿಂಗ್ ಏರುವಂತೆ ಅಥವಾ ಏರಿಳಿಯುವಂತೆ ಮಾಡುತ್ತದೆ. ಹಾಗಾಗಿ ಏರಿದ ಐಡ್ಲಿಂಗನ್ನು ಸ್ಕ್ರೂ ತಿರುಗಿಸಿ ಇಳಿಸುವುದು ಪರಿಹಾರವಲ್ಲ.

ಪೆಟ್ರೋಲ್ ಒತ್ತಡಕ್ಕೆ ಗೇಜ್ ಬೇಕು

ಪಂಪ್ ಸದ್ದು ಕೇಳಿಸುತ್ತಿದೆ ಎಂದ ಮಾತ್ರಕ್ಕೆ ಪಂಪ್ ಸರಿಯಿದೆ ಎಂದಲ್ಲ. ಈ ಪೀಳಿಗೆಯ ಕಾರುಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 3 ಬಾರ್ ಆಸುಪಾಸಿನಲ್ಲಿರುತ್ತದೆ. ನಿಖರ ಅಂಕಿ ಆಯಾ ಮಾದರಿಯ ಸರ್ವೀಸ್ ಕೈಪಿಡಿಯಲ್ಲಿದೆ. ಗೇಜ್ ಜೋಡಿಸಿ ಐಡ್ಲಿಂಗ್‌ನಲ್ಲಿ ನೋಡಿದರೆ ಸಾಲದು, ಥಟ್ಟನೆ ಆಕ್ಸಿಲರೇಟರ್ ಕೊಟ್ಟಾಗ ಮುಳ್ಳು ಕುಸಿಯುತ್ತದೆಯೇ ಎಂದು ನೋಡಬೇಕು. ಎಂಜಿನ್ ಬಳಿ ಪ್ರೆಶರ್ ರೆಗ್ಯುಲೇಟರ್ ಇರುವ ಕಾರುಗಳಲ್ಲಿ ಅದರ ವ್ಯಾಕ್ಯೂಮ್ ಪೈಪ್ ತೆಗೆದಾಗ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ಆ ಪೈಪ್‌ನೊಳಗೆ ಪೆಟ್ರೋಲ್ ಕಂಡುಬಂದರೆ ರೆಗ್ಯುಲೇಟರ್‌ನ ಒಳಪೊರೆ ಹರಿದಿದೆ ಎಂದರ್ಥ.

ಒತ್ತಡ ಕಡಿಮೆಯಿದ್ದಾಗಲೂ ಪಂಪ್ ಬದಲಿಸಲು ಅವಸರ ಬೇಡ. ಫ್ಯೂಯಲ್ ಫಿಲ್ಟರ್ ಅಥವಾ ಟ್ಯಾಂಕ್‌ನೊಳಗಿನ ಜಾಲರಿ ಕಟ್ಟಿಕೊಂಡಿರಬಹುದು. ಪಂಪ್ ಓಡುತ್ತಿರುವಾಗ ಅದರ ಟರ್ಮಿನಲ್‌ಗಳಲ್ಲಿನ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜ್‌ಗಿಂತ ಒಂದು ವೋಲ್ಟ್‌ಗೂ ಹೆಚ್ಚು ಕಡಿಮೆಯಿದ್ದರೆ ದೋಷ ರಿಲೇ, ಕನೆಕ್ಟರ್ ಅಥವಾ ಅರ್ಥ್‌ನಲ್ಲಿದೆ. ಹೊಸ ಪಂಪ್ ಹಾಕಿದರೂ ಅದೇ ಕತೆ ಮುಂದುವರಿಯುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವ ಮುನ್ನ ಒತ್ತಡ ಇಳಿಸುವುದು ಕಡ್ಡಾಯ. ಅನುಭವವಿಲ್ಲದವರು ಈ ಕೆಲಸಕ್ಕೆ ಕೈಹಾಕಬಾರದು.

ಕಿಡಿಯ ನಿಜವಾದ ಪರೀಕ್ಷೆ ಏರಿನಲ್ಲಿ

ಪ್ಲಗ್ ಹೊರತೆಗೆದು ಕಿಡಿ ಹಾರುವುದನ್ನು ನೋಡಿ 'ಕರೆಂಟ್ ಸರಿಯಿದೆ' ಎನ್ನುವುದು ಹಳೆಯ ರೂಢಿ. ಆದರೆ ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರ್‌ನೊಳಗಿನ ಒತ್ತಡದಲ್ಲಿ ಹಾರಲೇಬೇಕೆಂದಿಲ್ಲ. ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಒಳಗಿನ ಒತ್ತಡ ಏರುತ್ತದೆ, ಕಿಡಿ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್‌ನ ಅಂತರ ಹೆಚ್ಚಾಗಿದ್ದರೆ ವಿದ್ಯುತ್ ಸುಲಭದ ದಾರಿ ಹುಡುಕಿ ಬಿರುಕು ಬಿಟ್ಟ ಪ್ಲಗ್ ವೈರ್ ಅಥವಾ ಕಾಯಿಲ್ ಮೂಲಕ ಹೊರಗೆ ಸೋರುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಚಾಲೂ ಮಾಡಿ ನೋಡಿದರೆ ಹೀಗೆ ಸೋರುವ ನೀಲಿ ಕಿಡಿ ಕಣ್ಣಿಗೇ ಕಾಣಿಸುವುದುಂಟು. ಅದನ್ನು ಮುಟ್ಟಬಾರದು. ಡಿಸ್ಟ್ರಿಬ್ಯೂಟರ್ ಇರುವ ಕಾರುಗಳಲ್ಲಿ ಅದರ ಕ್ಯಾಪ್ ಮತ್ತು ರೋಟರ್‌ಗಳನ್ನೂ ಪರಿಶೀಲಿಸಬೇಕು.

ಸೆನ್ಸರ್: ಬದಲಿಸುವ ಮುನ್ನ ಅಳೆಯಿರಿ

ತಡವರಿಕೆಗೆ ನೇರ ಕಾರಣವಾಗಬಲ್ಲದ್ದು ಥ್ರಾಟಲ್ ಪೊಸಿಷನ್ ಸೆನ್ಸರ್. ಪೆಡಲ್ ಬಿಟ್ಟಾಗ ಅದರ ಸಂಕೇತ ಸುಮಾರು 0.5 ವೋಲ್ಟ್, ಪೂರ್ಣ ತುಳಿದಾಗ ಸುಮಾರು 4.5 ವೋಲ್ಟ್ ಇರುತ್ತದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ಪೆಡಲನ್ನು ನಿಧಾನವಾಗಿ ಒತ್ತುತ್ತ ಹೋದಾಗ ವೋಲ್ಟೇಜ್ ಎಲ್ಲಿಯೂ ಜಿಗಿಯದೆ, ಕುಸಿಯದೆ ಏರಬೇಕು. ನಿತ್ಯ ನಗರ ಸಂಚಾರದಲ್ಲಿ ಹೆಚ್ಚು ಬಳಕೆಯಾಗುವ ಮೊದಲ ಭಾಗದಲ್ಲೇ ಸೆನ್ಸರ್‌ನ ಒಳಪಟ್ಟಿ ಸವೆಯುತ್ತದೆ. ಕ್ಷಣಮಾತ್ರದ ಈ ಕುಸಿತ ಹಿಡಿಯಲು ಅಂಕಿ ತೋರಿಸುವ ಡಿಜಿಟಲ್ ಮೀಟರ್‌ಗಿಂತ ಮುಳ್ಳಿರುವ ಹಳೆಯ ಮೀಟರ್ ಉತ್ತಮ.

ಕೂಲೆಂಟ್ ಸೆನ್ಸರ್ ಪರೀಕ್ಷೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸ್ಕ್ಯಾನರ್ ತೋರಿಸುವ ಎಂಜಿನ್ ತಾಪಮಾನ ಹೊರಗಿನ ಹವೆಯಷ್ಟೇ ಇರಬೇಕು. ತಣ್ಣಗಿರುವ ಎಂಜಿನ್ 80 ಡಿಗ್ರಿ ಇದೆಯೆಂದು ಸೆನ್ಸರ್ ಸುಳ್ಳು ಹೇಳಿದರೆ ಇಸಿಯು ಪೆಟ್ರೋಲ್ ಕಡಿತಗೊಳಿಸುತ್ತದೆ. ಬೆಳಗಿನ ಮುಗ್ಗರಿಕೆಗೆ ಇಷ್ಟು ಸಾಕು.

ಮ್ಯಾಪ್ ಸೆನ್ಸರ್ ವಿಷಯದಲ್ಲಿ ಕರ್ನಾಟಕದ ಭೂಗೋಳವೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್ ನಿಂತಿರುವಾಗ ಅದು ತೋರಿಸಬೇಕಾದುದು ಆ ಊರಿನ ವಾಯುಭಾರ. ಕಡಲ ಮಟ್ಟದ ಮಂಗಳೂರಿನಲ್ಲಿ ಅದು 101 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿದ್ದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರಷ್ಟಿರುತ್ತದೆ. ವಿದೇಶಿ ಕೈಪಿಡಿಯ ಅಂಕಿ ನೋಡಿ ಬೆಂಗಳೂರಿನಲ್ಲಿ 91 ತೋರಿಸುವ ಸೆನ್ಸರನ್ನು ಕೆಟ್ಟಿದೆ ಎಂದು ಎಸೆಯಬಾರದು. ವ್ಯಾಕ್ಯೂಮ್ ಗೇಜ್‌ಗೂ ಇದೇ ಮಾತು ಅನ್ವಯ. ಕಡಲ ಮಟ್ಟದಲ್ಲಿ ಐಡ್ಲಿಂಗ್‌ನ ವ್ಯಾಕ್ಯೂಮ್ 17ರಿಂದ 21 ಇಂಚು ಇರಬೇಕೆಂದಿದ್ದರೆ ಬೆಂಗಳೂರಿನಲ್ಲಿ ಅದು ಮೂರು ಇಂಚು ಕಡಿಮೆಯಿರುವುದು ಸಹಜ.

ಸ್ಕ್ಯಾನರ್ ಹೇಳದ ಸತ್ಯ

ನಮ್ಮ ದೇಶದಲ್ಲಿ ಕಾರು ತನ್ನ ದೋಷವನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆ ಹಂತಹಂತವಾಗಿ ಕಡ್ಡಾಯವಾದದ್ದು 2010 ಮತ್ತು 2013ರಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳು ಇಂದಿನ ಅಗ್ಗದ ಸ್ಕ್ಯಾನರ್‌ಗಳಿಗೆ ಉತ್ತರಿಸುವುದಿಲ್ಲ. ಉತ್ತರಿಸಿದರೂ ಕೋಡ್ ಎಂಬುದು ತೀರ್ಪಲ್ಲ, ದೂರು ಮಾತ್ರ. ಆಕ್ಸಿಜನ್ ಸೆನ್ಸರ್‌ನ ಕೋಡ್ ಬಂದಿತೆಂದು ಅದನ್ನೇ ಬದಲಿಸುವುದು ಸಾಮಾನ್ಯ ತಪ್ಪು. 'ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ' ಎಂದು ಆ ಸೆನ್ಸರ್ ಹೇಳುತ್ತಿರುವುದು ನಿಜವೇ ಇರಬಹುದು. ಗಾಳಿ ಸೋರಿಕೆಯೋ ದುರ್ಬಲ ಪಂಪೋ ಮೂಲ ಅಪರಾಧಿಯಾಗಿರಬಹುದು.

ಇಸಿಯು ತಾನಾಗಿ ಪೆಟ್ರೋಲನ್ನು ಎಷ್ಟು ಹೆಚ್ಚಿಸಿದೆ ಅಥವಾ ಕಡಿಮೆ ಮಾಡಿದೆ ಎಂಬ 'ಫ್ಯೂಯಲ್ ಟ್ರಿಮ್' ಅಂಕಿ ಕೋಡ್‌ಗಿಂತ ಉಪಯುಕ್ತ. ಶೇ.10ರೊಳಗಿನ ಏರಿಳಿತ ಸಾಮಾನ್ಯ. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು, 2500 ಆರ್‌ಪಿಎಂನಲ್ಲಿ ಸಹಜಕ್ಕೆ ಮರಳಿದರೆ ಗಾಳಿ ಸೋರಿಕೆ. ವೇಗ ಮತ್ತು ಭಾರ ಹೆಚ್ಚಿದಂತೆ ಟ್ರಿಮ್ ಕೂಡ ಏರಿದರೆ ಪೆಟ್ರೋಲ್ ಪೂರೈಕೆಯ ಕೊರತೆ.

ಇಷ್ಟೆಲ್ಲ ಸರಿಯಿದ್ದೂ ಬಲ ಬರದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಎಂಜಿನ್ ವೇಗವನ್ನು 2500 ಆರ್‌ಪಿಎಂನಲ್ಲಿ ಸ್ಥಿರವಾಗಿಟ್ಟಾಗ ವ್ಯಾಕ್ಯೂಮ್ ಮೆಲ್ಲಮೆಲ್ಲನೆ ಇಳಿಯುತ್ತ ಹೋಗುವುದು ಅದರ ಸುಳಿವು. ಮಿಸ್ಸಿಂಗ್ ಇದ್ದರೂ ತಿಂಗಳುಗಟ್ಟಲೆ ಓಡಿಸಿದರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಹೊತ್ತಿ ಅದನ್ನು ಕರಗಿಸುತ್ತದೆ. ಸವೆದ ಒಂದು ಪ್ಲಗ್‌ನ ನಿರ್ಲಕ್ಷ್ಯ ಈ ದುಬಾರಿ ಭಾಗವನ್ನೇ ಬಲಿ ತೆಗೆದುಕೊಳ್ಳಬಹುದು.

ಎಥೆನಾಲ್ ಮಿಶ್ರಣದ ಪಾತ್ರ

2025ರ ವೇಳೆಗೆ ದೇಶದ ಬಂಕ್‌ಗಳಲ್ಲಿ ಶೇ.20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ವ್ಯಾಪಕವಾಯಿತು. ಈ ಇಂಧನಕ್ಕೆ ತೂಕದ ಲೆಕ್ಕದಲ್ಲಿ ಬೇಕಾದ ಗಾಳಿ 13.5 ಪಟ್ಟು ಮಾತ್ರ. ಅಂದರೆ ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಕಾರಿಗೆ ಅಷ್ಟೇ ಗಾಳಿಗೆ ಸುಮಾರು ಶೇ.9ರಷ್ಟು ಹೆಚ್ಚು ಇಂಧನ ಬೇಕು. ಆಕ್ಸಿಜನ್ ಸೆನ್ಸರ್ ಸರಿಯಿದ್ದರೆ ಇಸಿಯು ಸ್ಥಿರ ವೇಗದಲ್ಲಿ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಅಥವಾ ಪೆಡಲ್ ಪೂರ್ಣ ತುಳಿದಾಗ ಆ ಸೆನ್ಸರ್‌ನ ಮಾತು ನಡೆಯುವುದಿಲ್ಲ. ಮೊದಲೇ ಪಂಪ್ ಸೋತಿದ್ದ ಅಥವಾ ಇಂಜೆಕ್ಟರ್ ಕಟ್ಟಿದ್ದ ಕಾರಿನಲ್ಲಿ ಮರೆಯಾಗಿದ್ದ ದೋಷ ಆಗ ಹೊರಬೀಳುತ್ತದೆ.

ಎಥೆನಾಲ್ ಹಳೆಯ ಟ್ಯಾಂಕ್‌ನ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತರುತ್ತದೆ. ಅದಕ್ಕೆ ಹೊಂದದ ರಬ್ಬರ್ ಉಬ್ಬಿ ಬಿರಿಯುತ್ತದೆ. ಇ-20ಕ್ಕೆ ಹೊಂದುವ ಭಾಗಗಳಿರುವ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಹಾಗಾಗಿ ಹಳೆಯ ಕಾರುಗಳಲ್ಲಿ ಫ್ಯೂಯಲ್ ಫಿಲ್ಟರನ್ನು ಮೊದಲಿಗಿಂತ ಬೇಗ ಬದಲಿಸುವುದು, ಪೆಟ್ರೋಲ್ ಪೈಪ್‌ಗಳನ್ನು ವರ್ಷಕ್ಕೊಮ್ಮೆ ನೋಡುವುದು, ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸದಿರುವುದು ವಿವೇಕ. ಹಾಗೆಂದು ಎಲ್ಲ ಮುಗ್ಗರಿಕೆಗೂ ಎಥೆನಾಲನ್ನೇ ದೂಷಿಸಿದರೆ ಪರೀಕ್ಷೆಯಿಲ್ಲದೆ ಪಂಪ್ ಬದಲಿಸಿದ ತಪ್ಪೇ ಇನ್ನೊಂದು ರೂಪದಲ್ಲಿ ಮರುಕಳಿಸುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ

* ತೊಂದರೆ ಯಾವಾಗ, ಯಾವ ವೇಗದಲ್ಲಿ ಬರುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ.
* ಮೆಕ್ಯಾನಿಕ್ ಜತೆ ರಸ್ತೆಗಿಳಿದು ದೋಷವನ್ನು ಪ್ರತ್ಯಕ್ಷ ತೋರಿಸಿ. ಅವರಿಗೆ ಕಾಣಿಸದ ದೋಷಕ್ಕೆ ದುರಸ್ತಿ ಎಂದರೆ ಊಹೆಯಷ್ಟೇ.
* ಅರ್ಥ್, ಏರ್ ಫಿಲ್ಟರ್, ರಬ್ಬರ್ ಪೈಪ್, ಪ್ಲಗ್; ನಂತರ ಪೆಟ್ರೋಲ್ ಒತ್ತಡ; ಕೊನೆಗೆ ಸೆನ್ಸರ್. ಈ ಕ್ರಮ ತಪ್ಪದಿರಲಿ.
* ಒಮ್ಮೆಗೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ. ಮೂರು ಭಾಗ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂಬುದು ತಿಳಿಯುವುದೇ ಇಲ್ಲ.
* ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.
* ದೋಷ ಪತ್ತೆಯಾಗುವವರೆಗೆ ಘಾಟಿಯಲ್ಲಿ, ದ್ವಿಪಥ ಹೆದ್ದಾರಿಯಲ್ಲಿ ಓವರ್‌ಟೇಕ್ ಬೇಡ.

ದುಬಾರಿ ಭಾಗವೊಂದನ್ನು ಬದಲಿಸಬೇಕೆಂದು ಹೇಳಿದಾಗ ಮಾಲೀಕರು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪರೀಕ್ಷೆಯಲ್ಲಿ, ಎಷ್ಟು ಅಳತೆ ಬಂತು? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡದೆ ಗೇಜ್‌ನ ಅಂಕಿ ತೋರಿಸುತ್ತಾರೆ. ಉತ್ತರ ದೊರೆಯದಿದ್ದರೆ ಆ ಭಾಗದ ಹಣ ಇನ್ನೂ ಕೆಲವು ದಿನ ಜೇಬಿನಲ್ಲೇ ಇರಲಿ.